ಸೂಲಗಿತ್ತಿಯ ನಾಣ್ಯ

ಮೊದಲು ಹೋದದ್ದು ಮುಖದ ಸುಕ್ಕು.

“ಕೆಲಸ ಅದ್ಭುತ, ಎರಡು ಮಾತಿಲ್ಲ,” ಎಂದರು ಟಂಕಸಾಲೆಯ ವಿನ್ಯಾಸ ಸಮಿತಿಯ ಅಧ್ಯಕ್ಷರು, ಊಟದ ತಟ್ಟೆಯಷ್ಟಗಲದ ಪ್ಲಾಸ್ಟರ್ ಮಾದರಿಯನ್ನು ತಮ್ಮ ಕಡೆ ತಿರುಗಿಸಿಕೊಳ್ಳುತ್ತಾ. “ಆದ್ರೆ ಸೂಲಗಿತ್ತಿ ಇಷ್ಟು ವಯಸ್ಸಾದೋಳೇ ಆಗ್ಬೇಕಾ ಮೇಡಂ?”

ಸೂಲಗಿತ್ತಿಯರ ಗೌರವಾರ್ಥ ಬೆಳ್ಳಿ ನಾಣ್ಯ ತರುವುದೆಂದು ತೀರ್ಮಾನವಾಗಿತ್ತು. ಮಾದರಿಯಲ್ಲಿ ಬಾಗಿ, ಆಗತಾನೇ ಹುಟ್ಟಿದ ಕೂಸನ್ನು ಎರಡೂ ಕೈಯಲ್ಲಿ ಹಿಡಿದಿದ್ದವಳು, ಅದನ್ನು ಮಾಡಿ ತಂದಿದ್ದ ಶಿಲ್ಪಿಯ ದೊಡ್ಡಮ್ಮ. ಬದುಕಿಡೀ ಅದೇ ಕೆಲಸ ಮಾಡಿದವಳು. ಕಿಟಕಿಯ ಬಳಿ ಸ್ಟೂಲಿನ ಮೇಲೆ ದಿಂಬನ್ನು ಕೂಸಿನ ಹಾಗೆ ಹಿಡಿದು ಕೂತು, “ಸೊಂಟ ಹಿಡ್ಕೊಂತು ಕಣೇ, ಬೇಗ ಹೆರು” ಎಂದು ಗದರುತ್ತಲೇ ಮುಖ ಕೊಟ್ಟಿದ್ದಳು. ತಾನು ನಾಣ್ಯದ ಮೇಲೆ ಬರುವ ಸುದ್ದಿಯನ್ನು ಎದುರುಮನೆಯವಳಿಗೆ, ಹಾಲಿನವನಿಗೆ, ಫೋನಿಗೆ ಸಿಕ್ಕ ನೆಂಟರಿಗೆಲ್ಲ ಮುಟ್ಟಿಸಿಯೂ ಆಗಿತ್ತು. ಶಿಲ್ಪಿ ಇಷ್ಟು ವರ್ಷ ನಾಣ್ಯಗಳಿಗೆ ಕೆತ್ತಿದ್ದು ಅಣೆಕಟ್ಟು, ಸೇತುವೆ, ದೊಡ್ಡವರ ಗದ್ದ. ಯಾರ ಗದ್ದ ಕೆತ್ತುವಾಗಲೂ ಅವಳಿಗೆ ಅಳು ಬಂದಿರಲಿಲ್ಲ. ಈ ಕೈಗಳ ಗೆಣ್ಣು ಕೆತ್ತುವಾಗ ಬಂದಿತ್ತು.

“ನಾಣ್ಯ ಸಂಗ್ರಹ ಮಾಡೋರನ್ನ ಸಮೀಕ್ಷೆ ಮಾಡ್ಸಿದೀವಿ,” ಎಂದ ಮಾರಾಟ ಅಧಿಕಾರಿ. “ಪ್ರಾಣಿ, ಪಕ್ಷಿ ಹಾಕಿದ್ರೆ ಮುಗಿಬಿದ್ದು ತಗೋತಾರೆ. ಆಮೇಲೆ ರೈಲು, ಹಡಗು. ಹೆಂಗಸ್ರು ಕೊನೇಲಿ. ಮುದುಕೀರ ವಿಷಯ ನಾವು ಕೇಳ್ಲೇ ಇಲ್ಲ.”

“ಹಾಗಾದ್ರೆ ರೈಲಲ್ಲೇ ಹೆರಿಗೆ ಮಾಡಿಸ್ಲಾ ಸಾರ್?”

ಅಧಿಕಾರಿ ಒಂದು ಕ್ಷಣ ನಿಜಕ್ಕೂ ಯೋಚಿಸಿದ.

ಅವಳು ಅಲ್ಲೇ ಕೂತು ಸುಕ್ಕು ಹೆರೆದಳು. ಮೂಗು ಎತ್ತರವಾಯಿತು, ನಾಣ್ಯದಲ್ಲಿ ಬೇಗ ಸವೆಯುತ್ತದೆ ಎಂದರು, ಅದನ್ನೂ ತಗ್ಗಿಸಿದಳು. ಕೈ ತೀರಾ ಗಂಡಸಿನದರಂತಿದೆ ಎಂದರು, ಗೆಣ್ಣು ಹೋಯಿತು. ಕೂಸಿನ ಮೈಮೇಲೆ ಬಟ್ಟೆಯಿಲ್ಲ, ನಾಳೆ ಯಾರಾದರೂ ತಕರಾರು ತೆಗೆದರೆ ಎಂದರು. ಹುಟ್ಟುವಾಗಲೇ ಅಂಗಿ ತೊಟ್ಟು ಬಂದ ಕೂಸನ್ನು ಸೃಷ್ಟಿಸಿ ಅವಳು ತಲೆಯೆತ್ತಿದಾಗ, ಅಧ್ಯಕ್ಷರು ಮಾದರಿಯನ್ನು ದೂರ ಹಿಡಿದು ನೋಡಿ ನೊಂದುಕೊಂಡರು.

“ಯಾಕೋ ಮುಖದಲ್ಲಿ ಕಳೆನೇ ಇಲ್ವಲ್ಲ ಮೇಡಂ.”

“ಜಿಂಕೆ ಹಾಕೋಣ ಸಾರ್,” ಎಂದ ಅಧಿಕಾರಿ. “ಪಕ್ಕದಲ್ಲಿ ಒಂದು ಮರಿ. ತಾಯ್ತನಾನೂ ಬಂತು, ಪ್ರಾಣೀನೂ ಬಂತು. ಸುತ್ತ ‘ಸೂಲಗಿತ್ತಿಯರಿಗೆ ನಮನ’ ಅಂತ ಹೇಗೂ ಇರುತ್ತೆ.”

ಮೇಜಿನ ಸುತ್ತ ನೆಮ್ಮದಿಯ ಉಸಿರು ಬಿಟ್ಟ ಸದ್ದು. ಎಲ್ಲರಿಗೂ ಒಪ್ಪಿಗೆ. ಆಗುವುದಿಲ್ಲ ಎನ್ನಬೇಕು, ಈಗಲೇ ಎನ್ನಬೇಕು ಎಂದು ಅವಳಿಗೆ ಗೊತ್ತಿತ್ತು. ಬಾಯಿ ತೆರೆದಳು. ಬಂದದ್ದು ಬೇರೆ ಮಾತು.

“ಮರಿ ನಿಂತಿರ್ಬೇಕಾ ಸಾರ್, ಮಲಗಿರ್ಬೇಕಾ?”

ಸಂಜೆ ಮನೆಯಲ್ಲಿ ಒಪ್ಪಿಗೆಯಾದ ಚಿತ್ರವನ್ನು ದೊಡ್ಡಮ್ಮನ ಮುಂದಿಟ್ಟಳು. ದೊಡ್ಡಮ್ಮ ಕನ್ನಡಕ ಹಾಕಿಕೊಂಡು ಅಂಚಿನಿಂದ ಅಂಚಿಗೆ ಹುಡುಕಿದಳು. ಹಾಳೆಯ ಹಿಂದೆಯೂ ನೋಡಿದಳು.

“ಜಿಂಕೆ ಲಕ್ಷಣವಾಗಿದೆ. ನಾನೆಲ್ಲೇ?”

“ತಗೊಳ್ಳೋರಿಗೆ ಪ್ರಾಣಿ ಇಷ್ಟ ಅಂತೆ, ದೊಡ್ಡಮ್ಮ.”

“ಸಮಿತೀಲಿ ಎಲ್ಲಾ ಗಂಡಸ್ರಾ?”

“ನನ್ನ ಬಿಟ್ರೆ ಎಲ್ಲಾ.”

“ನೀನೇನಂದೆ?”

ಅವಳು ಹಾಳೆಯನ್ನು ತನ್ನ ಕಡೆ ಎಳೆದುಕೊಂಡಳು. ದೊಡ್ಡಮ್ಮ ಕನ್ನಡಕ ತೆಗೆದು ಮಡಚಿದಳು.

“ಹೆರಿಗೆ ಕೋಣೆಯಿಂದ ಗಂಡಸ್ರನ್ನ ಆಚೆ ತಳ್ಳಿ ಬಾಗಿಲು ಹಾಕ್ಕೋತಿದ್ದೋಳು ನಾನು,” ಎಂದಳು. “ಇಷ್ಟು ವರ್ಷ ಕಾದು ನನ್ನನ್ನೇ ಆಚೆ ಹಾಕಿದ್ರು. ಬಾಗಿಲು ಮಾತ್ರ ನಿನ್ನ ಕೈಲಿ ಹಾಕಿಸಿದ್ರು, ನೋಡು.”