ಬಳುಕುವ ಕೋಲು

"ಅಯ್ಯೋ ಪೆದ್ದಿ, ಅದು ಬೇಡ ಕಣೇ!" ತಂಗಿ ಆರಿಸಿದ ಗಟ್ಟಿಯಾದ ಗಾಳದ ಕೋಲನ್ನು ಅಣ್ಣ ಪಕ್ಕಕ್ಕಿಟ್ಟ. "ನೀರಲ್ಲಿ ತೇಲೋ ಬ್ರೆಡ್ಡಿಗೆ ಬಾಯಿ ಹಾಕಿದ ಗೆಂಡೆ ಮೀನು ಒಮ್ಮೆ ಜಗ್ಗಿದ್ರೆ ಈ ಕೋಲು ಬಗ್ಗಲ್ಲ, ದಾರ ಪಟ್ ಅಂತ ಹರಿಯುತ್ತೆ. ಬಳುಕೋ ಕೋಲೇ ಬೇಕು."

ಗೋಡೆಗೆ ಬಣ್ಣ ಬಳಿಯುವವನು ಅವನು. ಏಣಿಯಿಂದ ಬಿದ್ದ ಮೇಲೆ ಬಲಗೈ ಭುಜದಿಂದ ಮೇಲೇಳುತ್ತಿರಲಿಲ್ಲ. ಅದು ಸರಿಹೋಗುವ ಆಸೆಯನ್ನು ಮನೆಯವರೆಲ್ಲ ಬಿಟ್ಟಿದ್ದರು. ಬೇಸರ ಕಳೆಯಲಿ ಎಂದು ತಂಗಿಯೇ ಅವನನ್ನು ಈ ಗಾಳದ ಅಂಗಡಿಗೆ ಎಳೆದು ತಂದಿದ್ದಳು.

"ನೋಡು, ಹೀಗೆ ಬೀಸ್ಬೇಕು," ಎಂದು ಅಣ್ಣ ತೆಳ್ಳನೆಯ ಕೋಲೊಂದನ್ನು ಬೀಸಿಯೇಬಿಟ್ಟ. ತುದಿ ಟ್ಯೂಬ್‌ಲೈಟಿಗೆ ಠಣ್ಣೆಂದು ತಾಗಿತು.

"ಸ್ವಾಮಿ, ಮೇಲೆ ನೋಡ್ಕೊಳ್ಳಿ!" ಅಂಗಡಿಯವನು ಕೂಗಿದ. ಅಣ್ಣ ಮೇಲೆ ನೋಡಿದ. ಅವನದೇ ಬಲಗೈ ತಲೆಗಿಂತ ಮೇಲಿತ್ತು.

"ಸ್ವಲ್ಪ ನೋಯ್ತಿದೆ ಕಣೇ," ಎಂದು ನಕ್ಕ. ಕೈ ಮಾತ್ರ ಇಳಿಸಲಿಲ್ಲ. ತಂಗಿಗೆ ಹೋದ ಜೀವ ಬಂದಂತಾಯಿತು. "ಇದನ್ನೇ ಕೊಡಿ," ಎಂದಳು.