ಮಡಕೆಯ ಒಳಮೈ

"ಕೈ ತೆಗಿ! ಎರಡು ಸಾವಿರ ವರ್ಷದ ಮಡಕೆ ಅದು, ನಿನ್ನ ಸಾಂಬಾರಿನ ಪಾತ್ರೆ ಅಲ್ಲ." ಕ್ಯಾಂಪ್ ಮ್ಯಾನೇಜರ್ ಸ್ಟ್ಯಾನ್ಲಿ ಅಡುಗೆಯ ಕೊರಗಪ್ಪನ ಮಣಿಕಟ್ಟು ಹಿಡಿದು ತಿರುಚಿದ. ಅರಬ್ ನಾಡಿನ ಸಲಾಲಾ ಹತ್ತಿರದ ಹಳೆಯ ಬಂದರನ್ನು ಅಗೆಯುತ್ತಿದ್ದ ತಂಡಕ್ಕೆ ಅಂದು ಬೆಳಿಗ್ಗೆ ಸಿಕ್ಕಿದ್ದ ಚೂರು ಅದು. ಕೊರಗಪ್ಪ ಬಿಡಲಿಲ್ಲ. ಒಳಮೈಯ ಗುಳಿಗಳ ಮೇಲೆ ಅವನ ಹೆಬ್ಬೆರಳು ಓಡಾಡುತ್ತಿತ್ತು. "ಎಷ್ಟು ತೆಳು ನೋಡಿ. ಇದನ್ನು ತಟ್ಟಿದವನ ಕೈ ಎಂಥ ಕೈ ಮಾರಾಯ್ರೆ!"

ತಂಡದ ಮುಖ್ಯಸ್ಥೆ, ಇಂಗ್ಲಿಷ್ ಮೇಡಂ, ತಲೆಯೆತ್ತಿ ಏನಂತೆ ಎಂದು ಕೇಳಿದರು. "ಸಾರಿ ಅಂತಿದ್ದಾನೆ," ಎಂದು ಸ್ಟ್ಯಾನ್ಲಿ ಇಂಗ್ಲಿಷಿನಲ್ಲಿ ಹೇಳಿದ.

ಆ ಒಂದು ಶಬ್ದ ಕೊರಗಪ್ಪನಿಗೂ ಗೊತ್ತಿತ್ತು. ಅವನು ಕೈ ಕೊಸರಿಕೊಂಡು, ನೆಲದಿಂದ ಉರುಟು ಕಲ್ಲೊಂದನ್ನು ಹೆಕ್ಕಿ ಚೂರಿನ ಗುಳಿಯೊಳಗೆ ಇಟ್ಟ. ಸರಿಯಾಗಿ ಕೂತಿತು. ಊರಲ್ಲಿ ಅಪ್ಪ ಹಸಿ ಮಡಕೆಯ ಒಳಗೆ ಕಲ್ಲು ಒತ್ತಿ ಹಿಡಿದು, ಹಲಗೆಯಿಂದ ಹೊರಮೈ ತಟ್ಟುತ್ತಿದ್ದ ಹಾಗೆಯೇ ಗಾಳಿಯಲ್ಲಿ ತಟ್ಟಿ ತೋರಿಸಿದ.

"ಸಾಕು! ನಾಳೆಯೇ ನಿನ್ನನ್ನು ಊರಿಗೆ ಕಳಿಸ್ತೇನೆ," ಎಂದು ಸ್ಟ್ಯಾನ್ಲಿ ಹಲ್ಲು ಕಡಿದ. ಮೇಡಂ ಅವನತ್ತ ನೋಡಲೂ ಇಲ್ಲ. ನೋಟ್‌ಬುಕ್ ತೆರೆದು, ಪೆನ್ನು ಹಿಡಿದು, ಕೊರಗಪ್ಪನನ್ನೇ ಹೆಸರು ಕೇಳಿದರು.

"ಕೊರಗಪ್ಪ ಮೂಲ್ಯ," ಎಂದ ಅವನು. "ಕುಂಬಾರ."