ಹಲ್ಲುನೋವಿನ ಬೆಂಚು

ಕಳಕಮ್ಮ ಸೆರಗನ್ನು ಮೂಗಿನವರೆಗೂ ಎಳೆದುಕೊಂಡು, ಬಲಗೆನ್ನೆಯನ್ನು ಅಂಗೈಯಲ್ಲಿ ಒತ್ತಿ ಹಿಡಿದು, ಬಾಗಿಲನ್ನೇ ಕಾಯುತ್ತ ಕೂತು ಮುಕ್ಕಾಲು ಗಂಟೆಯಾಗಿತ್ತು. ಹಲ್ಲು ಒಂದೂ ನೋಯುತ್ತಿರಲಿಲ್ಲ. ಕಬ್ಬು ಸಿಗಿದು ತಿನ್ನುವಷ್ಟು ಗಟ್ಟಿಯಾಗಿದ್ದವು.

ಕೊಪ್ಪಳದ ಆ ಮಹಡಿಯ ಮೇಲೆ ಎರಡು ಬಾಗಿಲು, ಒಂದೇ ಬೆಂಚು. ಎಡಕ್ಕೆ ಹಲ್ಲಿನ ಡಾಕ್ಟರು, ಬಲಕ್ಕೆ ಮನಸ್ಸಿನ ಡಾಕ್ಟರು. ಬೆಂಚಿನ ಮೇಲೆ ಕೂತವರೆಲ್ಲ ಕೆನ್ನೆ ಹಿಡಿದುಕೊಂಡೇ ಕೂರುತ್ತಿದ್ದರು. ಹೆಸರು ಕೂಗಿದಾಗ ಮುಕ್ಕಾಲು ಪಾಲು ಜನ ಬಲಗಡೆ ಬಾಗಿಲಿಗೆ ನುಸುಳುತ್ತಿದ್ದರು. ‘ಇಲ್ಲಿಗೆ ಬರಲು ನಾಚಿಕೆ ಬೇಡ’ ಎಂದು ಗೋಡೆಯ ಮೇಲೆ ದಪ್ಪಕ್ಷರದಲ್ಲಿ ಬರೆಸಿದ್ದರು. ಅದನ್ನು ಓದಿದವರು ಸೆರಗು ಇನ್ನಷ್ಟು ಎಳೆದುಕೊಳ್ಳುತ್ತಿದ್ದರು. ಎಂಥಾ ಜನವಪ್ಪಾ! ಕಾಲು ಮುರಿದರೆ ನೋಡಲು ಓಣಿಗೆ ಓಣಿಯೇ ಬರುತ್ತದೆ, ಮನಸ್ಸು ಕೆಟ್ಟರೆ ಮಾತ್ರ ಹಲ್ಲುನೋವು.

ಕಳಕಮ್ಮ ಬಂದದ್ದು ಪತ್ತೇದಾರಿಕೆಗೆ. ಮಗ ಶರಣಕುಮಾರನಿಗೆ ಮೂವತ್ತೈದು. ಕುಷ್ಟಗಿಯಲ್ಲಿ ಸ್ವಂತ ಬಟ್ಟೆ ಅಂಗಡಿ, ಸ್ವಂತ ಮನೆ. ಆದರೂ ಒಂಬತ್ತು ಹುಡುಗಿಯರು ಒಲ್ಲೆ ಅಂದಿದ್ದರು. ಹತ್ತನೆಯವಳು ಗಂಗಾವತಿಯ ಶಿವಲೀಲಾ, ಹೈಸ್ಕೂಲು ಟೀಚರು. ನೋಡಲು ಹೋದ ದಿನ ಅವಳ ತಾಯಿ ತವರಿಗೆ ಹೋಗಿದ್ದಳೆಂದು ಹುಡುಗಿಯೇ ಅವಲಕ್ಕಿ ಮಾಡಿ, ಚಹಾ ಬಸಿದು ಕೊಟ್ಟಿದ್ದಳು. ಕಳಕಮ್ಮನಿಗೆ ಕೈರುಚಿಯೂ ಹಿಡಿಸಿತ್ತು. ಅಷ್ಟರಲ್ಲಿ ಪಕ್ಕದ ಮನೆಯ ಹೊಳಿಯಮ್ಮ ಸುದ್ದಿ ತಂದಳು. “ಯಕ್ಕಾ, ಆ ಹುಡುಗಿ ಶನಿವಾರಕ್ಕೊಮ್ಮೆ ಕೊಪ್ಪಳದಾಗ ತಲಿ ಡಾಕ್ಟರ್ ಹಂತೇಕ ಹೋಗ್ತಾಳಂತ!”

ಕಳಕಮ್ಮ ಎರಡೂ ಕಡೆ ಲೆಕ್ಕ ಹಾಕಿದಳು. ತಲೆ ಕೆಟ್ಟವಳನ್ನು ಕಟ್ಟಿಕೊಂಡರೆ ಮಗನ ಗತಿಯೇನು? ಇವಳನ್ನೂ ಬಿಟ್ಟರೆ ಹನ್ನೊಂದನೆಯವಳು ಎಲ್ಲಿ ಸಿಕ್ಕಾಳು? ಗಂಡ ವಿರೂಪಾಕ್ಷಪ್ಪನಿಗೆ ಹಲ್ಲುನೋವೆಂದು ಹೇಳಿ ಬಸ್ಸು ಹತ್ತಿದ್ದಳು.

ಮೂರು ಗಂಟೆಗೆ ಶಿವಲೀಲಾ ಬಂದೇ ಬಂದಳು. ಕೆನ್ನೆ ಹಿಡಿಯಲಿಲ್ಲ, ಅತ್ತಿತ್ತ ನೋಡಲಿಲ್ಲ. ಫೈಲು ಹಿಡಿದುಕೊಂಡು ನೇರ ಬಲಗಡೆ ಬಾಗಿಲಿಗೆ ಹೋದಳು. ಸಿಕ್ಕಿಬಿದ್ದಳು! ಕಳಕಮ್ಮನಿಗೆ ಒಂದು ಕ್ಷಣ ಖುಷಿಯೇ ಆಯಿತು. ಆಮೇಲೆ ಮಗನ ನೆನಪಾಯಿತು.

ಪಕ್ಕದಲ್ಲೊಬ್ಬ ಹೆಂಗಸು ಬಂದು ಕೂತಳು. ಐವತ್ತರ ಆಸುಪಾಸು, ಇಳಕಲ್ ಸೀರೆ, ನಗುಮುಖ. ಅವಳೂ ಕೆನ್ನೆ ಹಿಡಿದಿರಲಿಲ್ಲ.

“ನಿಮಗ ಹಲ್ಲೇನ್ರಿ, ತಲೀನ್ರಿ?”

ಇಂಥವಳ ಬಾಯಿಂದಲೇ ಸುದ್ದಿ ಹೊರಡಿಸಬೇಕು ಎಂದುಕೊಂಡಳು ಕಳಕಮ್ಮ. ತಾನೂ ರೋಗಿಯಾಗದಿದ್ದರೆ ಇವಳು ಬಾಯಿ ಬಿಡುವವಳಲ್ಲ.

“ತಲೀರಿ,” ಎಂದು ನಿಟ್ಟುಸಿರುಬಿಟ್ಟಳು. “ನಿದ್ದಿ ಇಲ್ಲ. ಗ್ವಾಡಿ ಮಾತಾಡಿದಂಗ ಆಗ್ತೈತಿ. ನಮ್ಮವ್ವಗೂ ಇತ್ತು, ಆಕಿ ಅವ್ವಗೂ ಇತ್ತು. ಮನೆತನದಾಗ ಬಂದೈತ್ರಿ.”

ಅವಳ ಅವ್ವ ಎಂಬತ್ತೆರಡು ವರ್ಷ ಬಾಳಿ, ಅರ್ಧ ಊರಿನ ಜಗಳ ಬಗೆಹರಿಸಿ ಸತ್ತವಳು. ಮಗಳ ಬಾಯಲ್ಲಿ ಈಗ ಹುಚ್ಚಿಯಾದಳು.

ಹೆಂಗಸಿನ ಕಣ್ಣು ತುಂಬಿ ಬಂತು. “ನನಗೂ ಹಂಗ ಇತ್ರಿ. ಹನ್ನೆಲ್ಡು ವರ್ಷಾತು. ಈಗ ಭಾಳ ಛಲೋ ಅದೀನಿ. ಆದ್ರ ಮದುವಿಗೆ, ಉಡಿ ತುಂಬೂದಕ್ಕ ಯಾರೂ ಕರಿಯಂಗಿಲ್ಲ. ಡಾಕ್ಟ್ರು ಅಂತಾರ, ನಿಮ್ಮ ಜಡ್ಡಿಗೆ ನನ್ನ ಹಂತೇಕ ಗುಳಿಗಿ ಐತಿ, ಮಂದಿ ಜಡ್ಡಿಗೆ ಇಲ್ಲವಾ ಅಂತ.”

ಕಳಕಮ್ಮನಿಗೆ ಹುರುಪು ಬಂತು. “ಇದಕ್ಕ ಯಾತರ ನಾಚಿಕಿರಿ? ನಾಳೆ ನನ್ನ ಸೊಸಿ ಮನ್ಯಾಗ ಇಂಥಾದ್ದು ಇದ್ರೂ ನಾ ಎದಿಗಪ್ಪಿಕೊಂಡು ಕರಕೊಂಬರ್ತೀನಿ,” ಎಂದಳು. ಅಬ್ಬಾ, ಎಂಥಾ ಧಾರಾಳ! ಆಡುವ ಮಾತಿಗೇನು ಸುಂಕವೇ? ಆಮೇಲೆ ಮೆಲ್ಲಗೆ ಬಾಗಿ ಅಸಲು ಪ್ರಶ್ನೆ ಕೇಳಿದಳು. “ಈಗ ಒಳಗ ಹೋದ್ಲಲ್ಲ, ಆ ಹುಡುಗಿಗೆ ಏನಂತ್ರಿ ಜಡ್ಡು?”

“ಶಿವಲೀಲಾಗೇನ್ರಿ?” ಹೆಂಗಸು ನಕ್ಕಳು. “ಆಕಿಗೇನೂ ಇಲ್ಲ. ಆಕಿ ಪೇಶಂಟ್ ಕರಕೊಂಡು ಬರ್ತಾಳ. ಬಂಗಾರದಂಥಾ ಹುಡುಗಿ. ಆಕಿ ಇಲ್ಲದಿದ್ರ ನಾ ಇಷ್ಟೊತ್ತಿಗೆ ಮಣ್ಣಾಗಿರ್ತಿದ್ದೆ.”

ಸಮಾಜಸೇವೆ! ಟೀಚರೂ ಹೌದು, ಸಮಾಜಸೇವಕಿಯೂ ಹೌದು. ಕಳಕಮ್ಮನ ಎದೆಯ ಮೇಲಿನ ಕಲ್ಲು ಇಳಿಯಿತು. ತನ್ನ ಹೆಸರು ಕೂಗುವ ಮೊದಲೇ ಎದ್ದು, ಮೆಟ್ಟಿಲ ಮೇಲೆ ಸೆರಗು ಸರಿಸಿ, ಬಸ್‌ಸ್ಟ್ಯಾಂಡಿಗೆ ಹೋಗಿ ನಾಲ್ಕು ಬಿಸಿ ಮಿರ್ಚಿ ತಿಂದು ಮನೆಗೆ ಬಂದಳು. ಹೊಳಿಯಮ್ಮನಿಗೆ ಕಣ್ಣಿನ ಡಾಕ್ಟರನ್ನು ನೋಡಲು ಹೇಳಿದಳು.

ಸೋಮವಾರ ಗಂಗಾವತಿಯಿಂದ ಫೋನು ಬಂತು. ಹುಡುಗಿ ಒಪ್ಪಿದ್ದಾಳೆ. ಶುಕ್ರವಾರ ಸೀರೆ, ಸಕ್ಕರೆ, ಹೂವು ಕಟ್ಟಿಕೊಂಡು, ಮೈದುನರು-ನೆಗೆಣ್ಣಿಯರ ಸಮೇತ ಹದಿನಾರು ಮಂದಿ ಹೊರಟರು. ಶರಣಕುಮಾರ ಎರಡು ಸಲ ಗಡ್ಡ ಬೋಳಿಸಿಕೊಂಡಿದ್ದ.

ಹುಡುಗಿಯ ತಂದೆ ಪ್ರಭುರಾಜ ಎಲ್ಲರನ್ನೂ ಪಡಸಾಲೆಯಲ್ಲಿ ಕೂರಿಸಿ ಕೈ ಮುಗಿದರು. “ಖರೇ ಹೇಳ್ತೀನ್ರಿ ವಿರೂಪಾಕ್ಷಪ್ಪನವರ, ನಮ್ಮ ಹುಡುಗಿ ನಿಮ್ಮ ಮನಿಗೂ ಒಲ್ಲೆ ಅಂದಿದ್ಲು. ಹೋದ ಶನಿವಾರ ಸಂಜಿಕೆ ಒಮ್ಮಿಗೇ ಮನಸ್ಸು ಬದಲ್ ಮಾಡಿದ್ಲು. ಹುಡುಗ ಹೆಂಗರ ಇರ್ಲಿ, ಇಂಥಾ ಅತ್ತಿ ಮತ್ತ ಸಿಗಂಗಿಲ್ಲ ಅಂದ್ಲು.”

ಕಳಕಮ್ಮ ನೆಗೆಣ್ಣಿಯರ ಕಡೆ ಒಮ್ಮೆ ನೋಡಿದಳು, ಕೇಳಿಸಿತಾ ಎಂಬಂತೆ.

“ತಡೀರಿ, ನಮ್ಮ ಮನಿಯಾಕಿನ್ನ ಕರೀತೀನಿ. ಮಂದಿ ಮುಂದ ಬರಾಕ ಹೆದರ್ತಿದ್ಲು. ಇವತ್ತ ತಾನಾಗೇ ಬರ್ತೀನಿ ಅಂದಾಳ.”

ಒಳಗಿನಿಂದ ಬಂದ ಇಳಕಲ್ ಸೀರೆಯ ಹೆಂಗಸು ಯಾರ ಕಡೆಗೂ ನೋಡದೆ ಸೀದಾ ಬಂದು ಕಳಕಮ್ಮನನ್ನು ತಬ್ಬಿಕೊಂಡಳು. “ಬೀಗತಿ, ನಿಮ್ಮ ಪಾಳಿ ಬರೂಕಿಂತ ಮೊದಲ ಎದ್ದು ಹೋದ್ರಲ್ಲರಿ! ಅಷ್ಟರಾಗ ಹೊರಗ ಬಂದ ಶಿವಲೀಲಾ ಮೆಟ್ಲ ಮ್ಯಾಲ ನಿಮ್ಮ ಗುರ್ತು ಹಿಡದ್ಲು. ಮೂರು ತಲಿಮಾರಿನ ಜಡ್ಡು, ಹಂಗ ಬಿಡಬಾರದ್ರಿ. ನಾಳಿಗೆ ನಿಮ್ಮ ಹೆಸರೂ ಹಚ್ಚಿಸೀನಿ. ಇನ್ನ ಮ್ಯಾಲ ಇಬ್ಬರೂ ಕೂಡೇ ಹೋಗೂಣು.”

ಉಳಿದ ಹದಿನೈದು ಮಂದಿಯೂ ಕಳಕಮ್ಮನ ಬಾಯಿಯನ್ನೇ ನೋಡುತ್ತಿದ್ದರು. ಅವಳು ಮಗನ ಮುಖ ನೋಡಿದಳು, ಬಾಗಿಲಲ್ಲಿ ಕಣ್ಣೊರೆಸಿಕೊಳ್ಳುತ್ತ ನಿಂತಿದ್ದ ಶಿವಲೀಲಾಳನ್ನು ನೋಡಿದಳು.

“ಎಷ್ಟು ಗಂಟೆ ಬಸ್ಸಿಗೆ ಬರ್ಲಿರಿ, ಬೀಗತಿ?”